ಬಿಡಿ, ಇಡಿ

ಎಸ್.ಪಿ. ರೋಡಿನ ಮೂರನೇ ಮಹಡಿ. ಮೊಬೈಲ್ ಬಿಚ್ಚುವವರ ಸಾಲು ದಾಟಿದರೆ
ಸಂಪಂಗಿಯ ಅಂಗಡಿ. ಅಂಗಡಿಯೆಂದರೆ
ಒಂದು ಷಟರು, ಒಂದು ಗಾಜು, ಒಂದು ಸ್ಟೂಲು.
ಐವತ್ತೆರಡಕ್ಕೆ ಹತ್ತಿದ ಚಟ ಇದು, ನಗಬೇಡಿ:
ನೂರ ನಲವತ್ತು ರೂಪಾಯಿಗೊಂದು ಪೊಟ್ಟಣ,
ಒಳಗೆ ಆರು ಕ್ರಿಕೆಟ್ ಕಾರ್ಡು.

ಶನಿವಾರ ಕೈಯ ಎಣ್ಣೆ ಒರೆಸಿಕೊಂಡು ಹೋಗುತ್ತೇನೆ.
ಒಂದೇ ಒಂದು. ಅಲ್ಲೇ ಬಿಚ್ಚುವುದಿಲ್ಲ.
ಬನಶಂಕರಿ ಬಸ್ಸಿನಲ್ಲಿ ಸೀಟು ಸಿಕ್ಕಿ
ಮಿನರ್ವ ಸರ್ಕಲ್ ಕಳೆದ ಮೇಲೆ
ಹಲ್ಲಿನಿಂದ ಮೂಲೆ ಕಚ್ಚಿ ಎಳೆದರೆ
ಹೊಸ ಪಠ್ಯಪುಸ್ತಕದ ವಾಸನೆ, ಅರೆ ಕ್ಷಣ.
ಆಮೇಲೆ ಅದೇ ವಿಕೆಟ್ ಕೀಪರ್. ಮೂರನೇ ಸಲ.

ರಿಹಾನ್ ಅಂತ ಒಬ್ಬ, ಒಂಬತ್ತನೇ ಕ್ಲಾಸು,
ಸ್ಟೂಲಿನ ಮೇಲೆ ಕೂತು ನನಗೆ ಪಾಠ ಮಾಡಿದ:
'ಹೊಸಬರೆಲ್ಲ ಹೀಗೇ ಹಾಳಾಗೋದು ಅಂಕಲ್.
ಬಿಡೀನ ಬಿಡಿ. ಡಬ್ಬ ತಗೊಳ್ಳಿ, ಸೀಲ್ ಆಗಿರೋದು.
ಇಪ್ಪತ್ನಾಲ್ಕು ಪೊಟ್ಟಣ, ಮೂರು ಸಾವಿರ, ಲೆಕ್ಕ ಹಾಕ್ಕೊಳ್ಳಿ.
ಅದರಲ್ಲೊಂದು ದಪ್ಪ ಕಾರ್ಡು ಗ್ಯಾರಂಟಿ,
ಆಟಗಾರ ಹಾಕ್ಕೊಂಡಿದ್ದ ಅಂಗೀದು ತುಂಡು ಇರತ್ತೆ.'

ಅಂಗಿಯ ತುಂಡು.
ನಮ್ಮ ಮನೆಯಲ್ಲಿ ಅದಕ್ಕೆ ಮಸಿಬಟ್ಟೆ ಅಂತಾರೆ.
ಲೆಕ್ಕ ಹಾಕಿದೆ. ಹುಡುಗ ಹೇಳಿದ್ದು ಸರಿ, ಮುನ್ನೂರ ಅರವತ್ತು ಉಳಿಯುತ್ತದೆ.
ಆದರೂ ಇಪ್ಪತ್ನಾಲ್ಕು ಶನಿವಾರಗಳನ್ನು
ಒಂದೇ ರಾತ್ರಿ ಕೂತು ಹರಿಯುವುದೆಂದರೆ
ಹೆಂಡತಿಗೆ ಏನಂತ ಹೇಳಲಿ, ಕಸ ಗುಡಿಸುವಾಗ?

ಆಮೇಲಿನ ಬುಧವಾರ ಸಂಪಂಗಿಯೇ ನನ್ನಲ್ಲಿಗೆ ಬಂದ.
ನಗರ್ತಪೇಟೆ, ಮೆಟ್ಟಿಲ ಕೆಳಗಿನ ನನ್ನ ಮೇಜು.
ಮೂವತ್ತು ವರ್ಷದಿಂದ ನನ್ನದು ಚಿನ್ನದ ತಕ್ಕಡಿ ರಿಪೇರಿ;
ಗುಲಗಂಜಿಯಷ್ಟು ಸುಳ್ಳು ಹೇಳಿದರೂ ಕೈಗೆ ತಿಳಿಯುತ್ತದೆ.
ಟವೆಲ್ಲಿನಲ್ಲಿ ಸುತ್ತಿ ತಂದಿದ್ದ, ಅಂಗೈಯಗಲದ್ದು.
'ಸೊನ್ನೆ ನಿಲ್ತಾ ಇಲ್ಲಣ್ಣ.'
'ಏನಯ್ಯ, ಚಿನ್ನ ಮಾರೋಕೆ ಶುರು ಮಾಡಿದ್ಯಾ?'
ಅವನು ನಗಲಿಲ್ಲ.
ತಟ್ಟೆಯ ಅಂಚಿನಲ್ಲಿ ಅಂಟಿಕೊಂಡಿತ್ತು
ಬೆಳ್ಳಿ ಹಾಳೆಯ ಚೂರು, ಉಗುರಿಗಿಂತ ಸಣ್ಣದು.

ಬಟ್ಟೆಗೂ ತೂಕವಿದೆ.
ಡಬ್ಬ ತೆಗೆದು ಒಂದೊಂದಾಗಿ ಇಟ್ಟು ನೋಡಿದರೆ
ಒಂದು ಮಾತ್ರ ಎರಡು ಗ್ರಾಂ ಮುಂದೆ ಓಡುತ್ತದೆ.
ಅದು ಡ್ರಾಯರಿಗೆ. ಉಳಿದ ಇಪ್ಪತ್ತಮೂರು
ಗಾಜಿನ ಹಿಂದೆ ತೂಗು ಹಾಕಿದರೆ ಆಯಿತು, ನನಗೋಸ್ಕರ.
ಸೀಲು ಒಡೆದಿಲ್ಲ. ಸುಳ್ಳು ಹೇಳಿಲ್ಲ.
ಬರೀ ತೂಗಿದ್ದಾನೆ.

ಒಂದು ಸ್ಕ್ರೂ, ಕಾಲು ಸುತ್ತು ತಿರುಗಿಸಿದ್ದರೆ
ಅವನ ಡ್ರಾಯರಿನ ತುಂಬ ಬರೀ ಫೀಲ್ಡರುಗಳು.
ಬೆರಳು ಅಲ್ಲಿಯವರೆಗೆ ಹೋಗಿತ್ತು.
ಸರಿ ಮಾಡಿಯೇ ಕೊಟ್ಟೆ. ಎಂಬತ್ತು ರೂಪಾಯಿ ತಗೊಂಡೆ.

ಶನಿವಾರ ಹೋದಾಗ
ರಿಹಾನ್ ಮೆಟ್ಟಿಲ ಮೇಲೆ ಡಬ್ಬ ಮುಗಿಸಿ ಕೂತಿದ್ದ,
ರಂಜಾನಿನ ಈದಿ ಅಷ್ಟೂ ಕಾಲ ಬುಡದಲ್ಲಿ ಹೊಳೆಯುತ್ತಿತ್ತು.
ದಪ್ಪ ಕಾರ್ಡು ಬಂದಿತ್ತು, ಮಾತು ತಪ್ಪಿರಲಿಲ್ಲ:
ಯಾರೋ ಹನ್ನೊಂದನೆಯ ಬ್ಯಾಟ್ಸ್‌ಮನ್, ಬಿಳಿ ಬಟ್ಟೆ, ಕಲೆ ಕೂಡ ಇಲ್ಲ.
ಮದುವೆ ಊಟ ಹೆಚ್ಚಾದವನ ಮುಖ ಮಾಡಿಕೊಂಡು
'ಇನ್ನೇನಿಲ್ಲ ಅಂಕಲ್,' ಅಂದ.

ಸಂಪಂಗಿ ನನ್ನ ಮುಖ ನೋಡದೆ ಒಂದು ಡಬ್ಬ ಮುಂದಿಟ್ಟ.
'ನಿಮಗಂತ ಎರಡು ಸಾವಿರ. ಇಡೀ ತಗೊಂಡ್ಬಿಡಿ.'
'ಬಿಡಿಯೇ ಸಾಕಪ್ಪ,' ಅಂದೆ. 'ತಕ್ಕಡಿ ತೆಗಿ.
ಗಾಜಿನ ಹಿಂದೆ ಇರೋದರಲ್ಲಿ
ಎಲ್ಲಕ್ಕಿಂತ ಹಗುರವಾದ್ದು ಕೊಡು.'

ಬಹಳ ಹೊತ್ತು ತೂಗಿದ.
ನನ್ನ ಸೊನ್ನೆ ಅಲುಗಲಿಲ್ಲ.

ಮಿನರ್ವ ಕಳೆಯಿತು. ಹಲ್ಲಿಗೆ ಸಿಕ್ಕ ಮೂಲೆ ಹರಿಯಿತು.
ನಾಲ್ಕನೇ ಸಲ ಅದೇ ಕೀಪರ್.
ಎರಡೂ ಗ್ಲೌಸು ಮೇಲೆ, ಬಾಯಿ ಅಗಲ,
ಏನನ್ನೋ ಹಿಡಿದೆ ಅನ್ನುತ್ತಿದ್ದಾನೆ.
ಅಂಪೈರು ಕಾರ್ಡಿನೊಳಗೆ ಇಲ್ಲ.
ಅವನು ನೋಡುತ್ತಿರುವುದು ಈ ಕಡೆ,
ಕಿಟಕಿ ಪಕ್ಕದ ಸೀಟಿನ ಕಡೆ.