ಬೀಗದ ಕೈ

ತಕ್ಕೊ ಅಮ್ಮಿ, ಗೊಂಚಲು. ಏಳು ಕೈ ಅವೆ, ಎಣಿಸ್ಕೊ.
ಎಂಟಿದ್ವು. ಅದುನ್ನ ಆಮ್ಯಾಕೆ ಯೋಳ್ತಿನಿ.
ದೊಡ್ಡದು ಗೇಟಿಂದು. ಇತ್ತಾಳೆದು ಅಡ್ಗೆಮನೇದು.
ಅಡ್ಗೆಮನೆಗೆ ಬೀಗ ಆಕು ಅಂತಾರೆ, ಆಕಬ್ಯಾಡ.
ಫಿಲೋಮಿನ ಸರೊತ್ನಲ್ಲಿ ಎದ್ದು
ಒಂದೊಂದೇ ಪಾತ್ರೆ ಮುಚ್ಚಳ ಎತ್ತಿ ನೋಡಿ ಮುಚ್ತಾಳೆ.
ಏನೂ ತಿನ್ನಾಕಿಲ್ಲ. ನೋಡ್ಬೇಕು, ಅಷ್ಟೇಯ.
ನೋಡ್ದಿದ್ರೆ ಬೆಳಗಾನ ಅಳ್ತಾಳೆ.

ಈ ಸಣ್ಣದು ಬೀರುವಿಂದು. ಒಳಗೆ ಅದ್ನಾಕು ವೊಸ ಚಾದರ,
ನುಸಿಗುಳಿಗೆ ವಾಸ್ನೆ.
ಜಿಲ್ಲಾ ಕಚೇರಿ ಮೇಡಮ್ಮೋರು ಬರೋ ದಿನ ಆಸೋದು,
ಅವ್ರ ಜೀಪು ಗುತ್ತಲು ರಸ್ತೆ ತಿರುಗ್ತಿದ್ದಂಗೇ ಮಡ್ಚಿ ಇಡೋದು.
ಕಕ್ಕಸ್ಸು ಎಣಿಸ್ತಾರೆ, ಫ್ಯಾನು ಎಣಿಸ್ತಾರೆ,
ಸಾರಿನ ರುಚಿ ನೋಡಿ ಚೆಂದಾಗದೆ ಅಂತಾರೆ.
ಚೆಂದಾಗೇ ಇರ್ತದೆ, ಅವತ್ತು.
ಚಿಕ್ಕತಾಯಿ ಒಬ್ಳು ಆ ಚಾದರದ ಮ್ಯಾಲೆ ಮಲಗಾಕಿಲ್ಲ,
ತನ್ನ ವಾಸ್ನೆ ಇಲ್ಲ ಅಂತ ನೆಲದಲ್ಲಿ ಮುದುರ್ಕತಾಳೆ.
ಮಂಚ ಸಾಲ್ದಾ ಅಂತ ಬರ್ಕಂಡ್ರು ಮೇಡಮ್ಮೋರು.
ನಾನೇನು ಯೋಳ್ಳಿ.

ಇದು ಮಾತ್ರೆ ಡಬ್ಬಿದು. ಕೆಂಪೀರನ ಫಿಟ್ಸ್ ಮಾತ್ರೇನ
ಬಾಳೆಣ್ಣಲ್ಲಿ ಬಚ್ಚಿಡಬ್ಯಾಡ, ಗೊತ್ತಾಯ್ತದೆ ಅವುನ್ಗೆ.
ಅಂಗೈ ಮ್ಯಾಲಿಟ್ಟು ಮಾತ್ರೆ ಅನ್ನು, ನುಂಗ್ತಾನೆ.
ಮೂವತ್ತೊಂಬತ್ತು ವರ್ಷ, ಕೂಸು ಅಂತ ಕರೀಬ್ಯಾಡ.
ಕ್ಷೌರದೋನು ಬಂದ್ರೆ ಪಕ್ಕದಲ್ಲೇ ನಿಂತ್ಕೊ,
ಎಲ್ಲಾರ ತಲೆಗೂ ಒಂದೇ ಮಿಷನ್ನು ಆಡುಸ್ಕಂಡು ಓಯ್ತಾನೆ ಅವುನು.
ಕೆಂಪೀರನ ಮೀಸೆ ಕೆಂಪೀರಂದು.

ಉಳಿದ ಮೂರು ಯಾವ ಬೀಗದ್ದೋ ನಂಗೂ ತಿಳೀದು.

ಕಬ್ಬು ಅರೆಯೋ ಕಾಲ್ದಲ್ಲಿ ಕಾರ್ಖಾನೆ ಕೂಗಿದ್ರೆ
ನಸ್ರೀನ ಕಿವಿ ಮುಚ್ಕಂಡು ಮಂಚದಡಿಗೆ ಓಯ್ತಾಳೆ.
ಎಳೀಬ್ಯಾಡ. ನೀನೂ ತೂರ್ಕೊ.
ಅಲ್ಲೊಂದು ನೀಲಿ ಗುಂಡಿ ಅದೆ, ಅವಳ ಅಣ್ಣನ ಅಂಗಿದು.
ಅದೊಂದ ಬುಟ್ಟು ಗುಡಿಸು.

ನಿಮ್ಮ ಏಜೆನ್ಸಿಯೋರು
ಆರಾರು ತಿಂಗ್ಳಿಗೆ ಆಳು ಬದ್ಲಾಯಿಸ್ತಾರಂತೆ.
ಯಾರು ಯಾವ ಮಗ್ಗುಲಿಗೆ ಮಲಗ್ತಾರೆ ಅಂತ ತಿಳಿಯಾಕೇ
ಆರು ತಿಂಗ್ಳು ಬೇಕು ಕಣಮ್ಮಿ.

ಇನ್ನೊಂದು. ಬಾಗ್ಲು ವಸಿ ಮುಂದಕ್ಕೆ ಮಾಡು.
ನಾನೂ ವೊಡ್ದಿವ್ನಿ, ಒಂದ್ಸಲ.
ಒಬ್ಳೇ ಇದ್ದೆ, ಅದ್ನಾಕು ಜನ, ಇಬ್ಬರಿಗೆ ಭೇದಿ,
ಎರಡು ದಿನದಿಂದ ನಲ್ಲೀಲಿ ನೀರಿಲ್ಲ.
ಸಿದ್ದಪ್ಪಾಜಿ ಅನ್ನ ಉಗುದ್ಬುಟ್ಟ, ನನ್ ಕೈ ಎದ್ಬುಡ್ತು.
ಅಳ್ನಿಲ್ಲ ಅವುನು.
ಎರಡೂ ಕೈಯ ತಲೆ ಮ್ಯಾಲೆ ಕವುಚ್ಕಂಡು ಕುಕ್ಕುರುಗಾಲಲ್ಲಿ ಕುಂತ,
ರೂಢಿ ಇದ್ದೋರಂಗೆ.
ಅಂಗಾದ್ರೆ ನನಗಿಂತ ಮುಂಚೆ ಯಾರ್ಯಾರ ಕೈಯೋ.

ಎಂಟ್ನೇದು ಇತ್ಲು ಕೋಣೇದು. ಕಿಟಕಿ ಇಲ್ಲ.
ಗಲಾಟೆ ಮಾಡ್ದೋರ್ನ ಕೂಡೋರು ಅಲ್ಲಿ,
ನಾನು ಬರಾಕೆ ಮುಂಚೆ. ಬಂದ ಮ್ಯಾಕೂವೆ.
ಮಾರ್ನೆ ದಿನ ಸಂದೇಲಿ ಓಗಿ ನಾಲೆಗೆ ಎಸುದ್ಬಂದೆ.
ಕೇಳುದ್ರೆ ಕಳೆದೋಯ್ತಂತೆ ಅನ್ನು.
ವೊಸ ಬೀಗ ತಂದ್ರೆ ಏನ್ ಮಾಡಿಯೇ, ನಂಗೆ ಗೊತ್ತಿಲ್ಲ.
ಸದ್ಯಕ್ಕೆ ಬಾಗ್ಲಿಗೆ ಅಕ್ಕಿ ಮೂಟೆ ಒರಗಿಸಿವ್ನಿ.

ಮದ್ದೂರು ಬಸ್ಸಿಗೆ ಒತ್ತಾಯ್ತು.
ರಾತ್ರಿ ಕತ್ಲಲ್ಲಿ ಯಾರೋ ಬಂದು ನಿನ್ ಕೈ ಇಡ್ಕತಾರೆ.
ಕಿರುಚಬ್ಯಾಡ, ಸಿದ್ದಪ್ಪಾಜಿ.
ಬಳೆ ಎಣಿಸ್ತಾನೆ. ಆರಿದ್ರೆ
ದೇವೀರವ್ವ ಅವ್ಳೆ ಅಂತ ಓಗಿ ಮಲಗ್ತಾನೆ.
ನಿನ್ ಕೈಲಿ ವಾಚು ಅದೆ.
ಏನ್ ಎಣಿಸ್ತಾನೋ ಕಾಣೆ.
ಕೊಸರಬ್ಯಾಡ. ಎಣಿಸೋಗಂಟ
ಕೈಯ ಅಲ್ಲೇ ಬುಟ್ಟಿರು.