ಬಿಡಿ ಲೆಕ್ಕ

ಹೆಲ್‌ಸ್ಟನ್ ಊರಾಚೆಯ ತಗಡಿನ ಶೆಡ್ಡು,
ಬೀಗದ ಕೈ ನನ್ನದು. ಮಂಗಳವಾರ, ಶುಕ್ರವಾರ.
ಒಳಗೆ ನಿಂತಿದೆ ವೆಸೆಕ್ಸ್.
ಬೆನ್ನ ಮೇಲೆ ಡುಬ್ಬ, ಅದಕ್ಕೇ ಒಂಟೆ ಅಂತಿದ್ದೆವು,
ಮರಳು ಕಾಣದೆ ಉಪ್ಪುನೀರನ್ನೇ ಕಂಡ ಒಂಟೆ.

ಹಾರುತ್ತಿತ್ತು ಅನ್ನುವುದಕ್ಕಿಂತ
ತೂಗುತ್ತಿತ್ತು ಅನ್ನಬೇಕು:
ನಲವತ್ತಡಿ ಕೆಳಗೆ ಅಟ್ಲಾಂಟಿಕ್,
ಹೊಟ್ಟೆಯ ತೂತಿನಿಂದ ತಂತಿಯಲ್ಲಿ ಇಳಿಬಿಟ್ಟ ಒಂದು ಕಿವಿ,
ಬಾವಿಗೆ ಕೊಡ ಇಳಿಸಿದ ಹಾಗೆ.
ನೀರು ಯಾರಿಗೆ ಬೇಕು, ಸದ್ದು ಬೇಕು.

ಕೇಳುತ್ತಿದ್ದವನು ಪೆಂಗೆಲಿ.
ಪಕ್ಕದಲ್ಲಿ ನಾನು, ಮೊಣಕಾಲಿಗೆ ಮೊಣಕಾಲು ತಾಗಿಸಿ.
ಅವನ ಪುಸ್ತಕದಲ್ಲಿ ಮೂರು ಅಂಕಣ:
ಖಚಿತ, ಅನುಮಾನ, ತಿಮಿಂಗಿಲ.
ಹನ್ನೊಂದು ವರ್ಷ. ಮೊದಲನೆಯದು ಖಾಲಿ.
ಒಮ್ಮೆ ಮಾತ್ರ, ಐಸ್‌ಲ್ಯಾಂಡಿನ ಕೆಳಗೆಲ್ಲೋ,
ನಾವು ನಿಂತರೆ ಏನೋ ನಿಂತಿತು,
ನಾವು ಸರಿದರೆ ಸರಿಯಿತು.
ಉಸಿರು ಬಿಗಿಹಿಡಿದು ಕೇಳಿದ, ಕೇಳಿದ,
ಆಮೇಲೆ ತಿಮಿಂಗಿಲ ಎಂದು ಬರೆದ.
ಅವನ ಕೈಬರಹ ಅಷ್ಟು ದುಂಡಗೆ ಬಂದದ್ದು
ಅದೊಂದೇ ಸಲ.

ಇನ್ನು ಬಿಡಿಭಾಗ.
ಗೇರ್‌ಬಾಕ್ಸು ಬೇರೊಂದು ಒಂಟೆಯದು,
ಅದು ಪೋರ್ಟ್‌ಲ್ಯಾಂಡಿನ ಹತ್ತಿರ ನೀರು ಕುಡಿದಿತ್ತು.
ಬಾಗಿಲು ಸೇಂಟ್ ಕೆವರ್ನಿನ ರೈತನ ಕೋಳಿಗೂಡಿನಿಂದ;
ಮೂರು ಸಲ ತೊಳೆದೆವು,
ಬಿಸಿಲೇರಿದರೆ ಈಗಲೂ ಕೋಳಿ ಕೋಳಿ.
ಬಾಲದ ಚಕ್ರ ಯಾರದೋ ಕೈಗಾಡಿಯದು,
ಅದನ್ನು ಬರೆದಿಟ್ಟಿಲ್ಲ.
ಒಂದೊಂದಕ್ಕೂ ಒಂದು ಕಾರ್ಡು, ಜಾತಕದಂತೆ:
ಎಲ್ಲಿ ಹುಟ್ಟಿತು, ಎಷ್ಟು ಗಂಟೆ ಬಾಳಿತು,
ಯಾವ ಯಾವ ಕೈ ಸಹಿ ಹಾಕಿತು.
ಸಹಿ ಹಾಕಿದವರ ಕಾರ್ಡು ಎಲ್ಲಿದೆಯೋ.
ಬಿಡಿ ಬಿಡಿಯಾಗಿ ಎಣಿಸಿದರೆ ಏಳು ಹೆಲಿಕಾಪ್ಟರು,
ಇಡಿಯಾಗಿ ಒಂದೂ ಇಲ್ಲ.

ಮೂಲೆಯಲ್ಲಿ ಉದ್ದನೆಯ ಮರದ ಪೆಟ್ಟಿಗೆ.
ಅಲಗು, ಒಂದು.
ಮೊಹರು ಎಪ್ಪತ್ತೊಂದನೇ ಇಸವಿ, ಮಾರ್ಚ್.
ಕಾರ್ಡಿನಲ್ಲಿ ಗಂಟೆ: ಸೊನ್ನೆ.
ಸಹಿಯ ಜಾಗ ಅಚ್ಚ ಬಿಳಿ.

ಸಮಿತಿಯ ಲವ್‌ಡೇ ಟ್ರೆಂಬಾತ್ ಅಂದಳು,
ನಾಲ್ಕಿರಬೇಕಾದಲ್ಲಿ ಮೂರಿವೆ,
ಶಾಲೆಯ ಮಕ್ಕಳು ಎಣಿಸಿ ನಗುತ್ತಾರೆ, ಪೆಟ್ಟಿಗೆ ಒಡೆಯಿರಿ.
ನ್ಯಾಯವೇ.
ಆದರೂ ಹಾರೆ ಹಿಡಿದು ಸುಮ್ಮನೆ ನಿಂತೆ.
ಒಂದು ದಿನವೂ ಗಾಳಿ ಕಡಿಯದ ಅಲಗನ್ನು
ಇನ್ನೆಂದೂ ಏಳದ ಒಂಟೆಗೆ ಸಿಕ್ಕಿಸಿದರೆ
ಕಾರ್ಡಿಗೆ ಏನು ಬರೆಯಲಿ?
ಕೂಡಿಸಿದ ದಿನ, ಸರಿ. ಗಂಟೆ?

ಮುಚ್ಚಳ ಕಿರುಗುಟ್ಟಿ ಎದ್ದಾಗ ಬಂತು
ಎಪ್ಪತ್ತೊಂದರ ಗ್ರೀಸಿನ ವಾಸನೆ,
ಅದರ ಹಿಂದೆಯೇ ನನ್ನ ಇಪ್ಪತ್ತೆರಡು,
ಕಿವಿ ಚುರುಕು, ಸೊಂಟ ನೆಟ್ಟಗೆ.
ಮೇಣಗಾಗದದ ಮೇಲೆ ಕಾರ್ಖಾನೆಯ ಯಾರೋ
ಪೆನ್ಸಿಲಿನಲ್ಲಿ ಗೀಚಿದ್ದರು:
ಹುಷಾರು, ಇದು ಒಳ್ಳೆಯದು.

ಶುಕ್ರವಾರ ಸಿಕ್ಕಿಸಿದೆವು.
ಸಮುದ್ರದ ಕಡೆಯ ಬಾಗಿಲು ತೆರೆದಿತ್ತು.
ಮೂರು ಹಳೆಯವು ಜೋತುಬಿದ್ದೇ ಇದ್ದವು,
ಹೊಸದೂ ಜೋತಿತು.
ಆಮೇಲೆ ತುದಿಯಲ್ಲಿ, ಒಂದಿಷ್ಟೇ,
ಹೌದೋ ಅಲ್ಲವೋ ಅನ್ನುವಷ್ಟು,
ಅಲಗು ಅಲುಗಿತು.
ಲವ್‌ಡೇ ನೋಡಲಿಲ್ಲ, ಚಹಾ ತರಲು ಹೋಗಿದ್ದಳು.

ಕಾರ್ಡು ತೆಗೆದು ಗಂಟೆಯ ಕೆಳಗೆ
ದುಂಡಗೆ ಬರೆದೆ:
ಅನುಮಾನ.