ಅಟ್ಟೆಯ ಲೆಕ್ಕ

ಹವಾನಾದ ನೆಪ್ಟುನೊ ಬೀದಿ. ಮೆಟ್ಟಿಲ ಕೆಳಗೆ
ಬೆಲಾರ್ಮಿನೊನ ಅಂಗಡಿ, ಮೂರು ಮೊಳ ಅಗಲ.
ಮುಖ ನೋಡಿ ಮಾತಾಡಿದವನಲ್ಲ ಅವನು;
ಬೂಟು ಮಗುಚಿ ಅಟ್ಟೆ ಓದುತ್ತಾನೆ,
ಶಾಸ್ತ್ರದವರು ಅಂಗೈ ಓದಿದ ಹಾಗೆ.

"ಅಪ್ಪನ ಕಾಲಕ್ಕೆ ದಾನ್ಸೋನ್.
ಒಂದೇ ಇಟ್ಟಿಗೆಯ ಮೇಲೆ ಇಡೀ ರಾತ್ರಿ.
ನಡುನಡುವೆ ನಿಂತು ಹೆಂಗಸರು ಬೀಸಣಿಗೆ ಬೀಸುವರು,
ಗಂಡಸರು ಕೆಮ್ಮುವರು.
ಅಟ್ಟೆ ಸವೆಯುತ್ತಿದ್ದದ್ದು ಹೆಬ್ಬೆರಳ ಕೆಳಗೆ, ಕಾಸಿನಗಲ.
ಅಪ್ಪ ಬಡವನಾಗಿಯೇ ಸತ್ತ."

ಆಮೇಲೆ ಮಾಂಬೊ.
ತಾಳ ಹಿಡಿದೆವು ಅನ್ನುವಷ್ಟರಲ್ಲಿ
ಕೈ ಕೊಸರಿಕೊಂಡು ಓಡುತ್ತಿತ್ತು.
ಕಿತ್ತುಬಂದ ಹಿಮ್ಮಡಿ, ಕಿತ್ತುಹೋದ ಜೋಡಿ,
ಗೋಡೆಗೊರಗಿ ನಿಂತವರೇ ಹೆಚ್ಚು.

ವಾದ್ಯದವರಿಗೇ ಕರುಣೆ ಬಂತಂತೆ.
ಪಿಟೀಲು ಕೊಂಚ ನಿಧಾನಿಸಿತು, ಕೊಳಲು ದಾರಿಬಿಟ್ಟಿತು,
ಸೋರೆಬುರುಡೆಯ ಮೇಲೆ ಕಡ್ಡಿ ಗೀರು ಎಳೆದು ತೋರಿಸಿತು.
ಆಗ ಮಾತಾಡಿದ್ದು ನೆಲ.
ಎರಡು ಉದ್ದ, ಮೂರು ಗಿಡ್ಡ,
ಉಜ್ಜಿದ ಚರ್ಮ ತನ್ನ ಹೆಸರು ತಾನೇ ಹೇಳಿಕೊಂಡಿತು:
ಚಾ ಚಾ ಚಾ.

"ನನ್ನ ಅಟ್ಟೆಯದೇ ಆ ಸದ್ದು," ಬೆಲಾರ್ಮಿನೊನ ವಾದ.
"ಅಲ್ಲ, ನನ್ನ ಲಂಗದ ಅಂಚಿನದು,"
ಎದುರು ಮನೆಯ ದರ್ಜಿ ಸೊಯ್ಲಾ.
ಐವತ್ತು ವರ್ಷದ ಜಗಳ.
ಒಮ್ಮೆ ಇಬ್ಬರೂ ಜೊತೆಗೆ ಕುಣಿದಿದ್ದರಂತೆ;
ಆ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಸದ್ದು ಹಡಗು ಹತ್ತಿತು.
ನ್ಯೂಯಾರ್ಕಿನ ಅಡುಗೆಮನೆಗಳ ರೇಡಿಯೊ ಹೊಕ್ಕು
ಪಾತ್ರೆ ತೊಳೆಯುವವರ ಸೊಂಟಕ್ಕೆ ಬಂತು.
ಇಂಗ್ಲೆಂಡಿನಲ್ಲಿ ಅದಕ್ಕೆ ಪಠ್ಯ, ಪರೀಕ್ಷೆ;
ಬೆನ್ನಿಗೆ ನಂಬರು ಚುಚ್ಚಿಕೊಂಡು
ಮೊಣಕಾಲು ಕತ್ತರಿಯ ಹಾಗೆ ಚಾಚಿ ಕುಣಿದರು.
ದಾರಿಯಲ್ಲೆಲ್ಲೋ ಒಂದು ಚಾ ಉದುರಿಹೋಗಿ
ಅಲ್ಲಿ ಉಳಿದದ್ದು ಎರಡೇ.

ಇಲ್ಲಿ ಹುಡುಗರು ಬೇರೆ ತಾಳಕ್ಕೆ ತಿರುಗಿದ್ದರು.
ಚರ್ಮ ಸಿಗದ ವರ್ಷಗಳಲ್ಲಿ ಬೆಲಾರ್ಮಿನೊ
ಲಾರಿಯ ಟೈರು ಕೊಯ್ದು ಅಟ್ಟೆ ಹಾಕಿದ.
ರಬ್ಬರು ನೆಲ ಕಚ್ಚುತ್ತದೆ, ಜಾರುವುದಿಲ್ಲ.
ಉಜ್ಜಿದರೆ ಬರುವುದು ಚಾ ಅಲ್ಲ,
ಕೀಂಯ್.

ಮೊನ್ನೆ ಲೀಡ್ಸಿನ ನೃತ್ಯದ ಟೀಚರು ಬಂದಿದ್ದಳು,
ಕೈಯಲ್ಲಿ ನೋಟುಪುಸ್ತಕ:
"ಮೊದಲ ಹೆಜ್ಜೆ ಒಂದಕ್ಕೋ, ಎರಡಕ್ಕೋ?"
ಬೆಲಾರ್ಮಿನೊ ಅವಳ ಬೂಟು ಬಿಚ್ಚಿಸಿ ಮಗುಚಿದ.
ಎಲ್ಲ ಕಡೆಯೂ ಸಮಸಮ ಸವೆದ ಅಟ್ಟೆ.
"ತಾಯಿ, ನೀವು ಒಂದು ತಪ್ಪೂ ಮಾಡಿಲ್ಲ," ಅಂದ,
ಸಾವಿನ ಸುದ್ದಿ ತಂದವನ ದನಿಯಲ್ಲಿ.

ಎದುರಿಗೆ ಸೊಯ್ಲಾ ಹೊಸ್ತಿಲು ತೊಳೆಯುತ್ತಿದ್ದಳು.
ಒದ್ದೆ ಕಲ್ಲಿನ ಮೇಲೆ ಪೊರಕೆ
ಎರಡು ಉದ್ದ ಎಳೆದು,
ನೀರಿಗೆಂದು ನಿಂತಿತು.
ತುಟಿಯ ನಡುವೆ ಮೊಳೆ ಕಚ್ಚಿ
ಬೆಲಾರ್ಮಿನೊ ಎತ್ತಿದ ಸುತ್ತಿಗೆ ಇಳಿಸದೆ ಕೂತಿದ್ದ.